ಬೆಂಗಳೂರಿನ ಬಿಯರೂ ಶಹಾಪುರದ ಬೀಗತನವೂ

ನಾನು ಸುಮ್ಮನೆ ಕೂತರೂ ನನ್ನ ಸುತ್ತ ಏನಾದರೊಂದು ಆಗೇ ಆಗುತ್ತದೆ. ಸುರಪುರದಲ್ಲಿ ನನ್ನದು ಶಾಮಿಯಾನದ ಅಂಗಡಿ. ಕಂಬ ನೆಡುವುದಷ್ಟೇ ನನ್ನ ಕೆಲಸ, ಕೆಳಗೆ ನಡೆಯುವುದಕ್ಕೆ ನಾನು ಜವಾಬ್ದಾರನಲ್ಲ. ಇಲ್ಲಿ ಬರೆದದ್ದೆಲ್ಲ ಖರೇನ. ನಂಬದಿದ್ದವರು ನಂಬಬೇಡಿ, ಆದರೆ ನನ್ನ ಹೆಂಡತಿಯನ್ನು ಮಾತ್ರ ಕೇಳಲು ಹೋಗಬೇಡಿ.

೧. ಹೊಟ್ಟೆಯ ಹಿಂದೆ

ನಮ್ಮ ಕಡೆಯವರು ಮೊದಲು ನನ್ನನ್ನು ಕೇಳಿ, ಆಮೇಲೆ ಯಾದಗಿರಿಯಲ್ಲಿ ಬೆಂಗಳೂರಿನ ರೈಲು ಹತ್ತುತ್ತಾರೆ. ರಾಜಧಾನಿಯ ಗಲ್ಲಿ ಗಲ್ಲಿಯೂ ನನಗೆ ಗೊತ್ತು ಎಂದು ಯಾರೋ ಸುದ್ದಿ ಹಬ್ಬಿಸಿದ್ದಾರೆ. ಆ ಯಾರೋ ನಾನೇ.

ದೋರನಹಳ್ಳಿಯ ಮಾಸ್ತರರೊಬ್ಬರು ಬಂದು, ಅಲ್ಲಿ ಹೋಟೆಲಿನವರೇ ಮಾಡಿ ತಾಜಾ ಬಿಯರ್ ಕೊಡ್ತಾರಂತಲ್ಲ, ಎಲ್ಲಿ ಎಂದು ಕಿವಿಯಲ್ಲಿ ಕೇಳಿದರು. ನನಗೂ ಗೊತ್ತಿರಲಿಲ್ಲ. ಹಾಗೆಂದರೆ ಮರ್ಯಾದೆ ಏನು ಉಳಿದೀತು?

"ಮೆಟ್ರೋ ಇಳೀರಿ. ಹೊಟ್ಟಿ ಮುಂದ ಬಂದಂವ ಯಾವನರ ಕಾಣ್ತಾನ. ಅವನ ಹಿಂದ ಹೋಗ್ರಿ, ಸೀದಾ ಅಲ್ಲಿಗೇ ಮುಟ್ಟಸ್ತಾನ" ಎಂದೆ.

ಮಾಸ್ತರರು ಹಾಗೇ ಮಾಡಿದರು. ಆ ಹೊಟ್ಟೆ ಹೊಕ್ಕದ್ದು ಜಿಮ್ಮಿಗೆ. ಅಲ್ಲಿಯವರು ಇವರನ್ನೂ ಹೊಸ ಗಿರಾಕಿ ಎಂದು ತಿಳಿದು, ಧೋತರ ಎತ್ತಿ ಕಟ್ಟಿಸಿ, ಓಡುವ ಯಂತ್ರದ ಮೇಲೆ ನಿಲ್ಲಿಸಿ ಗುಂಡಿ ಒತ್ತಿದರಂತೆ. ಮಾಸ್ತರರು ಊರಿಗೆ ಕುಂಟುತ್ತ ಬಂದರು.

"ಬಿಯರ್ ಎಲ್ಲಿ ಕುಡೀತಾರಂಬೋದು ತಿಳೀಲಿಲ್ಲಪ, ಕುಡದವ್ರು ಆಮ್ಯಾಲ ಎಲ್ಲಿಗಿ ಹೋಗ್ತಾರಂಬೋದು ತಿಳೀತು" ಎಂದರು.

೨. ಪಾದರಕ್ಷೆ

ಅದಾದ ಮೇಲೆ ಶಹಾಪುರದ ಅಡತಿ ಸಾವ್ಕಾರರು ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಕಾಳುಕಡಿಯ ದೊಡ್ಡ ವ್ಯಾಪಾರಸ್ಥರು, ಹಣೆಯ ತುಂಬ ವಿಭೂತಿ. ಮಗಳಿಗೆ ಅಲ್ಲೊಂದು ಸಂಬಂಧ ಕೂಡಿ ಬಂದಿತ್ತು. ಹುಡುಗನ ತಾಯಿ ನಮ್ಮ ಕಡೆಯ ರಾಮಸಮುದ್ರದ ಮನೆ ಮಗಳು, ಪ್ರವಚನ ತಪ್ಪಿಸದಾಕೆ, ಭಾಳ ಬಿಗಿ. ಹಿಂದೊಂದು ಸಂಬಂಧವನ್ನು, ಹುಡುಗಿಯ ಸೋದರಮಾವನ ಬಾಯಿ ವಾಸನೆ ಬಂತೆಂದು ಅಂಗಳದಿಂದಲೇ ತಿರುಗಿಸಿ ಕಳಿಸಿದ್ದರು. ನಮ್ಮ ವಂಶದಲ್ಲಿ ಯಾರೂ ಬಾಟಲಿ ಕಣ್ಣಿಂದ ನೋಡಿಲ್ಲ ಎಂದು ಸಾವ್ಕಾರರು ಅವರಿಗೆ ಮಾತು ಕೊಟ್ಟಿದ್ದರು.

ಬೀಗರ ಮನೆಗೆ ಹೋಗುವುದು ಮರುದಿನ ಇತ್ತು. ಅವತ್ತು ಮಧ್ಯಾಹ್ನ ಖಾಲಿ. ಸಾವ್ಕಾರರು ನನ್ನ ಕಡೆ ನೋಡಿ, "ಆ ಬಿಯರ್ ಅಲ್ಲೇ ಮಾಡ್ತಾರಂತಲ್ಲ, ಬಾಟಲಿನೇ ಇರೂದಿಲ್ಲಂತ?" ಎಂದರು. ಮಾತಿಗೆ ತಪ್ಪುವ ಮನುಷ್ಯ ಅಲ್ಲ.

ಒಂದು ಜಾಗ ಸಿಕ್ಕಿತು. ಗಾಜಿನ ಆಚೆ ಬಿಯರ್ ತಯಾರಾಗುವ ಆಳೆತ್ತರದ ಸ್ಟೀಲ್ ಟಾಕಿಗಳು. ಟಾಕಿ ಮುಂದೆ ಕಾಲಮರಿ ಬಿಡಬೇಕು, ಇಲ್ಲಿಯ ಪದ್ಧತಿ ಎಂದು ನಾನು ಸುಮ್ಮನೆ ಅಂದೆ. ಸಾವ್ಕಾರರು ಚಪ್ಪಲಿ ಬಿಟ್ಟು ಕೈಯನ್ನೂ ಮುಗಿದರು. ವಿಭೂತಿ ಹಚ್ಚಿದ ಹಿರಿಯರು ಹಾಗೆ ನಿಂತದ್ದು ನೋಡಿ ಪಕ್ಕದ ಮೇಜಿನ ಹುಡುಗರು ಬೂಟು ಬಿಚ್ಚಿದರು. ಅವರನ್ನು ನೋಡಿ ಅವರಾಚೆಯವರು. ಸ್ವಲ್ಪ ಹೊತ್ತಿಗೆ ವಾಚ್‌ಮನ್ ಚಪ್ಪಲಿಗೆ ಟೋಕನ್ ಕೊಡುತ್ತ ಕೂತಿದ್ದ.

೩. ತಳದ ಮಾಲು

ಯಾವುದು ಬೇಕು ನೋಡಿ ಹೇಳಿ ಎಂದು ವೇಟರ್ ಹಲಗೆಯ ಮೇಲೆ ಸಣ್ಣ ಸಣ್ಣ ಗ್ಲಾಸು ಜೋಡಿಸಿ ತಂದ. ಸ್ಯಾಂಪಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾವ್ಕಾರರು ಅಡತಿ ಅಂಗಡಿಯಲ್ಲಿ ಕೂತವರ ಹಾಗೆ ಕಾಲು ಮಡಚಿದರು. ಒಂದನ್ನು ಬೆಳಕಿಗೆ ಹಿಡಿದರು, ಒಂದನ್ನು ಅಂಗೈಗೆ ಹಾಕಿಕೊಂಡು ತಿಕ್ಕಿ ಮೂಸಿದರು. ಎಲ್ಲ ನೋಡಿ, ಇದು ಮೇಲಿನ ಮಾಲು, ಟಾಕಿಯ ತಳದ್ದು ತಾ ಎಂದರು. ಚೀಲದ ಬಾಯಲ್ಲಿ ಚಲೋ ತೊಗರಿ ಇಟ್ಟು ತಳದಲ್ಲಿ ಮಣ್ಣು ತುಂಬಿಕೊಂಡು ಬಂದವರನ್ನು ಅವರು ಜೀವನವಿಡೀ ಹಿಡಿದಿದ್ದಾರೆ.

ವೇಟರಿಗೆ ತಿಳಿಯಲಿಲ್ಲ. ಬಿಯರ್ ಮಾಡುವವನೇ ಒಳಗಿನಿಂದ ಬಂದು, ಕೆಳಗೆ ಬರೀ ಗಸಿ ಇರುತ್ತೆ ಸರ್, ಅದನ್ನ ಯಾರಿಗೂ ಕೊಡಲ್ಲ ಎಂದು ಕೈ ಜೋಡಿಸಿದ. ಸಾವ್ಕಾರರು ನನ್ನ ತೊಡೆಗೆ ಹೊಡೆದರು.

"ನೋಡಿದಿಲ್ಲೋ, ಹೆಂಗ ಬಾಯಿ ಬಿಡಿಸಿದೆ?"

೪. ಬೀಗರು ಬಂದರು

ಸಾವ್ಕಾರರ ಮುಂದೆ ದೊಡ್ಡ ಗ್ಲಾಸು ಬಂದು ಅರ್ಧ ಆಗಿತ್ತು. ಅಷ್ಟರಲ್ಲಿ ಹುಡುಗನ ತಂದೆಯ ಫೋನು. ಎಲ್ಲಿದ್ದೀರಿ ಎಂದರು. ಊಟಕ್ಕೆ ಹೋಟೆಲಿಗೆ ಬಂದೀವಿ ಎಂದು ಸಾವ್ಕಾರರು ಬಾಯಿ ತಪ್ಪಿ ಅಂದುಬಿಟ್ಟರು. ನಮ್ಮ ಕಡೆ ಬೀಗರಾಗುವವರು ಹೋಟೆಲಿನಲ್ಲಿ ಉಂಡರೆ ಅದು ಆ ಮನೆಗೆ ಅವಮಾನ. ಲೊಕೇಶನ್ ಹಾಕ್ರಿ, ಬಂದು ಕರಕೊಂಡು ಹೋಗ್ತೀವಿ ಎಂದು ಹಟ ಹಿಡಿದರು. ಸಾವ್ಕಾರರು ಗಾಬರಿಯಲ್ಲಿ ಫೋನು ನನ್ನ ಕೈಗಿಟ್ಟರು. ಲೊಕೇಶನ್ ತಾನಾಗೇ ಹೋಯಿತು. ಫೋನು ಹಂಗೇ ಇತ್ತು, ನಾನೇನು ಮಾಡಲಿ?

ಅವರ ಮನೆ ಅಲ್ಲೇ ಹತ್ತಿರ ಇರಬೇಕು, ಬಿಲ್ಲು ಕೇಳಿ ಏಳುವಷ್ಟರಲ್ಲಿ ಗಂಡ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಆಕೆ ತಲೆ ಮೇಲೆ ಸೆರಗು ಹೊದ್ದು, ಕೊರಳಲ್ಲಿ ರುದ್ರಾಕ್ಷಿ ಹಾಕಿದ್ದರು. ಮೇಜಿನ ಹತ್ತಿರ ಬಂದು ಗ್ಲಾಸು ನೋಡಿದರು. ಮಗಳ ಮದುವೆ ಮುರಿಯಿತೆಂದು ಸಾವ್ಕಾರರ ಮುಖದ ಮೇಲೆ ಬರೆದಿತ್ತು.

"ಏನ್ರಿ ಅದು?"

"ಅಂಬಲಿ ರೀ," ಎಂದರು ಸಾವ್ಕಾರರು. "ಜ್ವಾಳದ್ದು."

ಆಕೆ ಗ್ಲಾಸಿಗೆ ಕೈ ಚಾಚಿದರು. ಮೂಸಿ ನೋಡುತ್ತಾರೆ, ಮುಗೀತು ಎಂದು ನಾನು ಬಾಗಿಲ ಕಡೆ ಸರಿಯಹತ್ತಿದೆ. ಅಷ್ಟರಲ್ಲಿ ವೇಟರ್ ಆಕೆಯನ್ನು ನೋಡಿ ಮುಖವರಳಿಸಿ ಬಂದ.

"ಏನಮ್ಮ, ಇವತ್ತು ಪ್ರವಚನ ಬೇಗ ಮುಗೀತಾ? ನಿಮ್ಮ ಮೂಲೆ ಖಾಲಿ ಇದೆ, ಅಲ್ಲಿಗೇ ತರ್ಲಾ?"

 ಆಕೆ ಸೆರಗು ಸರಿಮಾಡಿಕೊಂಡು, ಗಂಡನ ಕಡೆ ನೋಡದೆ, ಸಾವ್ಕಾರರಿಗೆ ಮೆಲ್ಲಗೆ, "ಹುಡುಗಿ ನಮಗ ಒಪ್ಪಿಗಿ ಅದಾಳ್ರಿ. ಈ ಮಾತು ಇಲ್ಲೇ ಇರ್ಲಿ" ಎಂದರು. ಸಾವ್ಕಾರರು ಗೋಣು ಹಾಕಿದರು.

ಹುಡುಗನ ತಂದೆ ಮಾತ್ರ ನಿಂತಲ್ಲೇ ನಿಂತಿದ್ದರು. ಹೆಂಡತಿಯನ್ನು ನೋಡುತ್ತ ಕುರ್ಚಿ ಎಳೆದುಕೊಂಡು ಮೆತ್ತಗೆ ಕೂತರು. ಇನ್ನೇನು ಜಗಳ ಶುರು ಎಂದು ನಾನು ಗ್ಲಾಸು ಪಕ್ಕಕ್ಕೆ ಸರಿಸಿದೆ. ಅವರು ಅದನ್ನು ತಮ್ಮ ಕಡೆಗೆ ಎಳೆದುಕೊಂಡು, ಅಳುವ ದನಿಯಲ್ಲಿ ಕೇಳಿದರು:

"ಹಂಗಾರ ನಾ ಇಷ್ಟು ವರ್ಷ ಮಾಳಿಗಿ ಮ್ಯಾಲ, ಬಿಸಲಾಗ, ನೀರಿನ ಟಾಕಿ ಹಿಂದ ಕುಂತು ಕುಡದದ್ದು ಯಾರ ಸಲುವಾಗಿ?"