ಉಳಿತಾಯದ ಕಾಲಂನಲ್ಲಿ ಒಬ್ಬರು

ಗುರಿ ಇಟ್ಟುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಮಂಡ್ಯ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಬಹಳ ಹಿಂದೆ ಏನಲ್ಲ. ಹೋದ ವರ್ಷ.

ನಾನಿರುವುದು ಒಂದು ಖಾಸಗಿ ಹಾಲಿನ ಕಂಪನಿಯಲ್ಲಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ಕಡೆ ನಮ್ಮ ಚಿಲ್ಲಿಂಗ್ ಸೆಂಟರುಗಳಿವೆ. ಹಳ್ಳಿಗಳಿಂದ ಬಂದ ಹಾಲನ್ನು ಅಲ್ಲಿ ತಂಪು ಮಾಡಿ ಟ್ಯಾಂಕರಿಗೆ ತುಂಬುತ್ತಾರೆ. ನಾಲ್ಕಕ್ಕೂ ಸೇರಿ ಪಾಂಡವಪುರದಲ್ಲಿ ಒಂದು ಆಫೀಸು. ಆಫೀಸಿನಲ್ಲಿ ಮೂರು ಜನ. ಮ್ಯಾನೇಜರ್ ಆದ ನಾನು, ಗುಮಾಸ್ತರಾದ ಪುಟ್ಟಸ್ವಾಮಾಚಾರ್, ಬೀಗ ತೆಗೆದು ಕಸ ಗುಡಿಸುವ ನಂಜುಂಡಿ.

ಆಚಾರ್ರ ಮನೆತನದ ಕಸುಬು ಮರಗೆಲಸ. ಅಣ್ಣತಮ್ಮಂದಿರಲ್ಲಿ ಇವರೊಬ್ಬರೇ ಉಳಿ ಬಿಟ್ಟು ಪೆನ್ನು ಹಿಡಿದವರು. ರಿಟೈರ್ ಆಗಲು ಇನ್ನೂ ಎರಡು ವರ್ಷವಿತ್ತು. ದಿನಾ ಬೆಳಗ್ಗೆ ಏಳೂವರೆಗೆ ಬಂದು ನಾಲ್ಕು ಸೆಂಟರಿಗೂ ಫೋನ್ ಮಾಡುವುದು ಅವರ ಕೆಲಸ. ಎಷ್ಟು ಲೀಟರ್ ಬಂತು, ಫ್ಯಾಟ್ ಎಷ್ಟು, ಎಷ್ಟು ಡಿಗ್ರಿಗೆ ತಂಪಾಯಿತು ಎಂದು ಕೇಳಿ ಉದ್ದನೆಯ ಪುಸ್ತಕದಲ್ಲಿ ಬರೆದು, ಅದನ್ನೇ ಮತ್ತೆ ಟೈಪ್ ಮಾಡಿ ಮೈಸೂರಿನ ಹೆಡ್ಡಾಫೀಸಿಗೆ ಕಳಿಸುತ್ತಿದ್ದರು. ಹಾಗೇ ವರ್ಷಗಟ್ಟಲೆ ನಡೆದಿತ್ತು. ಯಾರಿಗೂ ತೊಂದರೆ ಇರಲಿಲ್ಲ.

ಆಗ ನನ್ನನ್ನು ಎರಡು ದಿನದ ತರಬೇತಿಗೆ ಕಳಿಸಿದರು.

ಮೈಸೂರಿನ ಹೋಟೆಲೊಂದರ ತಣ್ಣನೆಯ ಕೋಣೆಯಲ್ಲಿ ಟೈ ಕಟ್ಟಿಕೊಂಡ ಒಬ್ಬರು, ವರದಿಗಳೆಲ್ಲ ತಾವಾಗಿಯೇ ತಯಾರಾಗಬೇಕು, ಅದಕ್ಕೆ ಪ್ರತಿಯೊಂದು ತಂಡವೂ ಗುರಿ ಇಟ್ಟುಕೊಳ್ಳಬೇಕು, ಆ ಗುರಿಯನ್ನು ಅಳೆಯಲು ಬರಬೇಕು ಎಂದು ಹೇಳಿದರು. ಅಳೆಯಲು ಬಾರದ್ದು ಗುರಿಯೇ ಅಲ್ಲವಂತೆ. ನನಗೆ ಒಳಗಣ್ಣು ತೆರೆದ ಹಾಗಾಯಿತು. ಮನೆಗೆ ಬಂದವನೇ ಹೆಂಡತಿ ಸುಜಾತಳಿಗೆ, ನಮ್ಮ ಸಂಸಾರಕ್ಕೂ ಅಳೆಯಬಹುದಾದ ಗುರಿ ಬೇಕು ಎಂದೆ.

"ಬಚ್ಚಲಲ್ಲಿ ನಲ್ಲಿ ಸೋರ್ತಾ ಅದೆ, ಮೂರು ತಿಂಗ್ಳಾಯ್ತು," ಎಂದಳು. "ದಿನಕ್ಕೊಂದು ಬಕೀಟು ತುಂಬ್ತದೆ. ಅದ್ನ ಅಳ್ದು ಶುರು ಮಾಡಿ."

ಹೆಂಗಸರಿಗೆ ಆಡಳಿತದ ಸೂಕ್ಷ್ಮ ತಿಳಿಯದು ಎಂದುಕೊಂಡು ಮರುದಿನ ಆಫೀಸಿಗೆ ಬೇಗ ಹೋದೆ. ವಾಚು ಬಿಚ್ಚಿ ಕೈಯಲ್ಲಿ ಹಿಡಿದು ಆಚಾರ್ರ ಪಕ್ಕದಲ್ಲಿ ಕುಳಿತೆ. ಅವರು ಕೆ.ಆರ್. ಪೇಟೆ ಸೆಂಟರಿನ ಚೆಲುವೇಗೌಡನಿಗೆ ಫೋನ್ ಹಚ್ಚಿದರು.

"ಏನ್ಲಾ ಚೆಲುವ, ಉಂಡ್ಯಾ? ಸಂತೆಬಾಚಳ್ಳಿ ಕಡೆ ಮಳೆ ಆಯ್ತೇನ್ಲಾ? ಅಂಗಾರೆ ಮೇವು ಬತ್ತದೆ ಬುಡು. ಅತ್ತೆಗೆ ಮಂಡಿ ನೋವು ಅಂದಿದ್ದೆ, ಎಂಗವ್ರೆ? ಟ್ಯಾಂಕು ಸದ್ದು ಮಾಡ್ತಿತ್ತಲ್ಲ, ಏನಾಯ್ತು? ಸರಿ, ಲೀಟ್ರು ಎಷ್ಟು ಅಂತ ಏಳು."

ಒಟ್ಟು ಇಪ್ಪತ್ತೆರಡು ನಿಮಿಷ. ವರದಿಗೆ ಬೇಕಾದ ಮಾತು ನಾಲ್ಕು ನಿಮಿಷ. ಮಿಕ್ಕ ಹದಿನೆಂಟನ್ನು ನಾನು ಗಂಭೀರವಾಗಿ 'ವ್ಯರ್ಥ ಕಾಲ' ಎಂದು ಗುರುತು ಹಾಕಿಕೊಂಡೆ. ನನ್ನ ಜೀವಮಾನದಲ್ಲಿ ಇಷ್ಟು ಖಚಿತವಾಗಿ ನಾನು ಬೇರೆ ಯಾವ ತಪ್ಪನ್ನೂ ಮಾಡಿಲ್ಲ.

ಆವತ್ತೇ ಹೆಡ್ಡಾಫೀಸಿನ ಕಂಪ್ಯೂಟರ್ ನಮೂನೆಯಲ್ಲಿ ಗುರಿಗಳನ್ನು ತುಂಬಲು ಕುಳಿತೆವು. ನಾನು ಒಂದೇ ಬೆರಳಲ್ಲಿ ಟೈಪ್ ಮಾಡುವವನಾದ್ದರಿಂದ ಆಚಾರ್ರೇ ಕೀಲಿಮಣೆಗೆ ಕುಳಿತರು. ಗುರಿ ಒಂದು, ಬೆಳಗ್ಗೆ ಎಂಟರೊಳಗೆ ನಾಲ್ಕೂ ಸೆಂಟರಿನ ವರದಿ ಮೊಬೈಲಿನಿಂದ ತಾನಾಗಿ ಮೈಸೂರು ಸೇರಬೇಕು. ಗುರಿ ಎರಡು, ವರದಿಗಾಗಿ ಮಾಡುವ ಫೋನ್ ಕರೆ ಮೂರು ತಿಂಗಳಲ್ಲಿ ಸೊನ್ನೆಗೆ ಇಳಿಯಬೇಕು. ಕೊನೆಗೆ ಒಂದು ಕಾಲಂ ಇತ್ತು. 'ಇದರಿಂದ ಎಷ್ಟು ಜನ ಉಳಿತಾಯ?'

"ಸೊನ್ನೆ ಹಾಕಿ," ಎಂದೆ.

ಹಾಕಿದರು. ಕಂಪ್ಯೂಟರು ಕೆಂಪಗಾಗಿ, ಸೊನ್ನೆಗಿಂತ ಹೆಚ್ಚು ಬೇಕು ಎಂದಿತು.

"ಎಷ್ಟ್ ಹಾಕ್ಲಿ ಸಾ?"

"ಒಂದು ಹಾಕಿಬಿಡಿ ಆಚಾರ್ರೇ. ಕಾಲಂ ತುಂಬಿದರೆ ಸಾಕು."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಒಂದನ್ನು ಒತ್ತಿದರು. ನಮೂನೆ ಹಸಿರಾಗಿ ಮೈಸೂರಿಗೆ ಹೋಯಿತು. ನಾನು ನಂಜುಂಡಿಯನ್ನು ಕಳಿಸಿ ಎಲ್ಲರಿಗೂ ಟೀ ತರಿಸಿದೆ.

ಇನ್ನು ಕೆಲಸ ಹೇಗಾಯಿತು ಎಂದು ನೀವು ಕೇಳಬಹುದು. ಎಲ್ಲ ಆಚಾರ್ರೇ ಮಾಡಿದರು. ಕೊಡೆ, ಊಟದ ಡಬ್ಬಿ ಹಿಡಿದು ಬಸ್ಸಿನಲ್ಲಿ ನಾಲ್ಕೂ ಸೆಂಟರಿಗೆ ಅಲೆದು, ಮೊಬೈಲಿನ ಫಾರಂ ತುಂಬುವುದನ್ನು ಕಲಿಸಿದರು. ಚೆಲುವೇಗೌಡನ ಹೆಬ್ಬೆರಳು ಒತ್ತಿದರೆ ಮೂರು ಅಂಕಿ ಒಟ್ಟಿಗೆ ಬೀಳುತ್ತಿದ್ದವು. "ಕಿರುಬೆಳ್ಳಲ್ಲಿ ಒತ್ತು ಕಣ್ಲಾ," ಎಂದು ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿಸಿದರು. ನಾನು ಆಫೀಸಿನಲ್ಲಿ ಕುಳಿತು ಗೋಡೆಗೆ ಒಂದು ಪಟ್ಟಿ ಅಂಟಿಸಿ, ಪ್ರತಿದಿನ ಫೋನ್ ಕರೆಗಳ ಗೆರೆ ಎಳೆಯುವ ಹೊಣೆ ಹೊತ್ತಿದ್ದೆ. ಗೆರೆ ಸ್ವಲ್ಪ ನಿಧಾನವಾಗಿ ಇಳಿಯುತ್ತಿದೆ ಎನಿಸಿದಾಗ, ವರದಿಗಾಗಿ ಯಾರೇ ಫೋನ್ ಮಾಡಿದರೂ ಮೆಮೊ ಕೊಡುತ್ತೇನೆ ಎಂದು ಆಜ್ಞೆ ಹೊರಡಿಸಿದೆ.

ಮೂರು ತಿಂಗಳ ಗುರಿ ಎರಡೇ ತಿಂಗಳಲ್ಲಿ ಮುಟ್ಟಿತು! ಫೋನ್ ಕರೆ ಸೊನ್ನೆ. ಬೆಳಗ್ಗೆ ಏಳೂವರೆಗೆ ಆಚಾರ್ರು ಬಂದು, ಫೋನಿನ ಧೂಳು ಒರೆಸಿ, ಸುಮ್ಮನೆ ಕುಳಿತಿರುತ್ತಿದ್ದರು. ಅದನ್ನು ನಾನು ನೋಡಿದ್ದೆ. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

ಮೈಸೂರಿನಿಂದ ಪತ್ರ ಬಂತು. ಮೊದಲ ಪ್ಯಾರಾದಲ್ಲಿ ನನಗೆ ಅಭಿನಂದನೆ. ಎರಡನೇ ಪ್ಯಾರಾದಲ್ಲಿ, ನೀವು ತಿಳಿಸಿದಂತೆ ಉಳಿತಾಯವಾದ ಒಬ್ಬರನ್ನು ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡುವುದು, ವರದಿಯ ಗುಮಾಸ್ತರ ಹುದ್ದೆ ಇನ್ನು ಇರುವುದಿಲ್ಲ.

 ಕೂಡಲೇ ಮೈಸೂರಿಗೆ ಫೋನ್ ಮಾಡಿದೆ.

"ಸರ್, ಆ ಒಂದು ಸುಮ್ಮನೆ ಹಾಕಿದ್ದು. ಕಾಲಂ ಬಿಡಲಿಲ್ಲ, ಅದಕ್ಕೆ."

"ಹಾಗಾದ್ರೆ ಆ ಅಂಕಿ ಸುಳ್ಳಾ?" ಎಂದರು ದೊಡ್ಡ ಸಾಹೇಬರು. "ಮಿಕ್ಕ ಅಂಕಿಗಳೂ ಹಾಗೇನಾ? ನಿಮ್ಮ ಪ್ರಮೋಷನ್ ಫೈಲು ನನ್ನ ಮುಂದೆ ಇದೆ, ಅದಕ್ಕೆ ಕೇಳ್ತಿದ್ದೀನಿ."

ಇಲ್ಲಿ ಧೀರನೊಬ್ಬ ಏನು ಹೇಳಬೇಕಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ನಾನು ಹೇಳಿದ್ದು, "ಇಲ್ಲ ಸರ್, ಅಂಕಿ ಎಲ್ಲ ಸರಿಯಾಗಿದೆ."

ತಿಂಗಳ ಕೊನೆಗೆ ಹಾರ ಹಾಕಿ, ಮೈಸೂರು ಪಾಕು ಹಂಚಿ ಆಚಾರ್ರನ್ನು ಬೀಳ್ಕೊಟ್ಟೆವು. ಅವರು ಹೋಗುವಾಗ ಡ್ರಾಯರಿನ ಬೀಗದ ಕೈ ನನಗೆ ಕೊಟ್ಟು, "ಎರಡ್ನೇ ಡ್ರಾ ಸ್ವಲ್ಪ ಬಿಗಿ ಸಾ, ಎತ್ತಿ ಎಳೀರಿ," ಎಂದರು. ಅಷ್ಟೇ. ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ಅದಾಗಿ ಹದಿನೈದು ದಿನಕ್ಕೆ ಕೆ.ಆರ್. ಪೇಟೆಯಲ್ಲಿ ಬೆಳಗಿನ ಹೊತ್ತು ಕರೆಂಟು ಹೋಯಿತು. ಜನರೇಟರ್ ಹಚ್ಚಿದರೆ ಅದೂ ನಿಂತಿತು. ಒಂದು ಟ್ಯಾಂಕ್ ಹಾಲು ಕೆಟ್ಟಿತು. ನನ್ನ ಪರದೆಯ ಮೇಲೆ ಮಾತ್ರ ಆ ಹೊತ್ತಿಗೂ ಎಲ್ಲವೂ ಹಸಿರಾಗಿತ್ತು. ವರದಿಯ ಜೊತೆಗೆ ಹಾಲೂ ತಾನಾಗಿಯೇ ಮೊಸರಾಗತೊಡಗಿತ್ತು. ನಾನು ಗಾಡಿ ಹತ್ತಿ ಓಡಿದೆ.

"ಏನಪ್ಪಾ ಚೆಲುವೇಗೌಡ, 'ಜನರೇಟರ್ ಓಡುತ್ತಿದೆ' ಅಂತ ದಿನಾ ತುಂಬಿದ್ದೀಯಲ್ಲ?"

"ಓಡ್ತಿತ್ತು ಸಾ," ಎಂದ. "ಹತ್ತು ದಿನದಿಂದ ಕೆಮ್ಕಂಡು ಕೆಮ್ಕಂಡು ಓಡ್ತಿತ್ತು. ಫಾರಂನಾಗೆ ಓಡ್ತದಾ, ಓಡಲ್ವಾ ಅಂತ ಎರಡೇ ಅದೆ. ಕೆಮ್ಮಿಗೆ ಜಾಗ ಎಲ್ಲದೆ?"

"ಒಂದು ಫೋನ್ ಮಾಡೋದಲ್ವಾ?"

"ಮೆಮೊ ಕೊಡ್ತೀನಿ ಅಂದಿದ್ರಲ್ಲ ಸಾ. ಆಚಾರ್ರಾದ್ರೆ ಅವ್ರೇ ಕೇಳೋರು, ಮಿಷಿನ್ನು ಎಂಗದ್ಲಾ ಅಂತ."

ಹಳ್ಳಿಗಳಲ್ಲಿ ಜನ ನಸುಕಿನಲ್ಲಿ ಎದ್ದು ಕರೆದ ಹಾಲು ಗುಂಡಿಗೆ ಹೋಗುವುದನ್ನು ನಿಂತು ನೋಡಿದೆ. ಆಗಲೂ ನನಗೆ ಬುದ್ಧಿ ಬಂತೆಂದು ತಿಳಿಯಬೇಡಿ. ಮರುದಿನವೇ ಫಾರಂಗೆ ಹೊಸ ಕಾಲಂ ಸೇರಿಸಿದೆ. 'ಕೆಮ್ಮು: ಇದೆ / ಇಲ್ಲ.' ನಾಲ್ಕನೇ ದಿನ ನಾಗಮಂಗಲದ ಬೋರಯ್ಯ 'ಇದೆ' ಎಂದು ಒತ್ತಿದ. ಮೆಕ್ಯಾನಿಕ್‌ನನ್ನು ಓಡಿಸಿದೆ. ಯಂತ್ರ ಗಟ್ಟಿಮುಟ್ಟಾಗಿತ್ತು. ಕೆಮ್ಮುತ್ತಿದ್ದವನು ಬೋರಯ್ಯ. ಕಂಪನಿಯವರು ಔಷಧಿ ಕಳಿಸುತ್ತಾರೆ ಎಂದು ಅವನು ಸಂತೋಷಪಟ್ಟಿದ್ದನಂತೆ. ಆಮೇಲೆ ಸದ್ದು, ಸೋರಿಕೆ, ಬಿಸಿ, ವಾಸನೆ ಎಂದು ಒಂದೊಂದೇ ಸೇರಿಸಿ ಕಾಲಂಗಳು ನಲವತ್ತೊಂದಾದವು. ನಾಲ್ಕೂ ಸೆಂಟರಿನವರು ನಲವತ್ತೊಂದಕ್ಕೂ 'ಇಲ್ಲ' ಎಂದು ಒತ್ತಿ ಎಂಟರೊಳಗೆ ಕಳಿಸತೊಡಗಿದರು.

ನಾಚಿಕೆ ಬಿಟ್ಟು ನಾನೇ ಫೋನ್ ಹಚ್ಚಿದೆ. "ಏನು ಚೆಲುವೇಗೌಡ, ಊಟ ಆಯ್ತಾ? ನಿಮ್ಮತ್ತೆ ಮಂಡಿ ನೋವು ಹೇಗಿದೆ?" ಎಂದು ಆಚಾರ್ರ ಹಾಗೆಯೇ ಶುರು ಮಾಡಿದೆ.

 "ಯಾಕ್ ಸಾ?" ಎಂದ. "ನಂದೂ ಕೆಲ್ಸ ಹೋಯ್ತಾ?"

ಸಂಜೆ ಸುಜಾತಳ ಮುಂದೆ ಎಲ್ಲ ಒಪ್ಪಿಕೊಂಡೆ. ಸಾಹೇಬರಿಗೆ ಹೇಳಿದ ಸುಳ್ಳನ್ನೂ ಹೇಳಿದೆ. ಅವಳು ಬೈಯಲಿಲ್ಲ. "ಮೈಸೂರಿಗೆ ನಿಜ ಬರ್ದು ಹಾಕಿ. ಆಮೇಲೆ ಆಚಾರ್ರ ಮನೆಗೆ ಹೋಗಿ ಬನ್ನಿ," ಎಂದಳು. ಬರೆದೆ. ಹುದ್ದೆಯೇ ಪಟ್ಟಿಯಲ್ಲಿಲ್ಲ, ಈಗ ಏನೂ ಮಾಡಲಾಗದು ಎಂದು ಒಂದು ಸಾಲಿನ ಉತ್ತರ ಬಂತು. ನನ್ನ ಪ್ರಮೋಷನ್ ಬಗ್ಗೆ ಅರ್ಧ ಸಾಲೂ ಇರಲಿಲ್ಲ.

ಹೀಗೆ ಬರಿಗೈಯಲ್ಲಿ ಭಾನುವಾರ ಆಚಾರ್ರ ಊರಾದ ಚಿನಕುರಳಿಗೆ ಹೋದೆ. ಆಚಾರ್ರು ಅಣ್ಣನ ಕೊಟ್ಟಿಗೆಯಲ್ಲಿ ಬಾಗಿಲ ಚೌಕಟ್ಟಿಗೆ ಕೀಸುಳಿ ಹಾಕುತ್ತಿದ್ದರು. ಮೂವತ್ತು ವರ್ಷ ಪೆನ್ನು ಹಿಡಿದ ಕೈ, ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಅದನ್ನು ನೋಡಿದ ಮೇಲೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹೋಯಿತು. "ತಪ್ಪಾಯ್ತು ಆಚಾರ್ರೇ," ಎಂದೆ.

ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಒಳಗಿನಿಂದ ಮಜ್ಜಿಗೆ ತರಿಸಿದರು.

"ಆ ಒಂದನ್ನ ಟೈಪ್ ಮಾಡಿದ್ದು ನೀವೇ," ಎಂದೆ. "ನನಗಂತೂ ತಲೆ ಓಡಲಿಲ್ಲ. ಅದು ನಾನೇನಾ ಸಾರ್ ಅಂತ ನೀವಾದ್ರೂ ಆವತ್ತೇ ಕೇಳಬಾರದಿತ್ತಾ?"

"ನಾನು ಅಂತ ಅನ್ನಿಸ್ಲೇ ಇಲ್ಲ ಸಾ," ಎಂದರು ಆಚಾರ್ರು, ಬಹಳ ಸಂಕೋಚದಿಂದ. "ಫೋನ್ ಮಾಡೋನು, ಬರೆಯೋನು ನಾನು. ಬೀಗ ತಗ್ಯೋನು ನಂಜುಂಡಿ. ಒಬ್ರು ಕಮ್ಮಿಯಾದ್ರೂ ನಡೀತದೆ ಅಂದ್ರೆ ಅದು ನೀವೇ ಇರ್ಬೇಕು ಅಂದ್ಕಂಡೆ. ಕೇಳಿದ್ರೆ ಎಲ್ಲಿ ನೊಂದ್ಕತೀರೋ ಅಂತ ಸುಮ್ಕಾದೆ. ನಿಮ್ಗೆ ಹೊದ್ಸಾಕೆ ಅಂತ ಪೇಟೇಲಿ ಒಂದು ಶಾಲೂ ನೋಡಿ ಇಟ್ಟಿದ್ದೆ."

ವ್ಯಂಗ್ಯವೇನಾದರೂ ಇದೆಯೇ ಎಂದು ಅವರ ಮುಖ ನೋಡಿದೆ. ಇರಲಿಲ್ಲ. ನನಗಾಗಿ ಆಗ ಪಟ್ಟ ಮರುಕ ಇನ್ನೂ ಸ್ವಲ್ಪ ಅಲ್ಲೇ ಉಳಿದಿತ್ತು. ಮಜ್ಜಿಗೆ ಕುಡಿದು, ಗಾಡಿ ಹತ್ತಿ, ಪಾಂಡವಪುರ ಮುಟ್ಟುವವರೆಗೂ ಅವರ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಿದೆ. ಇವತ್ತಿಗೂ ಸಿಕ್ಕಿಲ್ಲ.