ಪುಟ್ಟಸ್ವಾಮಿಯನ್ನು ಕೆಳಗಿಳಿಸಿದ್ದು

ನನ್ನ ಸೋದರತ್ತೆ ಒಬ್ಬ ಸಂಸಾರಸ್ಥನನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಶನಿಗ್ರಹದ ಹಿಂದೆ ನಿಲ್ಲಿಸಿಟ್ಟಿದ್ದರು. ಊಟವಿಲ್ಲ, ನೀರಿಲ್ಲ, ರಾಕೆಟ್ಟಿನ ಯಂತ್ರ ಕೆಟ್ಟಿದೆ, ಉಸಿರಾಡುವ ಗಾಳಿ ಇನ್ನೆರಡು ದಿನಕ್ಕೆ ಸಾಕು. ಇಂಥ ಹೆಂಗಸಿಗೆ ಚನ್ನಪಟ್ಟಣದ ಜನ ತಮ್ಮ ಮಕ್ಕಳನ್ನು ಒಪ್ಪಿಸಿ ವಿಜ್ಞಾನ ಕಲಿಸಿ ಅನ್ನುತ್ತಿದ್ದರಲ್ಲ, ಅವರ ಧೈರ್ಯಕ್ಕೆ ಏನೆನ್ನಬೇಕು?

ಆ ಮನುಷ್ಯನ ಹೆಸರು ಪುಟ್ಟಸ್ವಾಮಿ. ಗಾಬರಿಯಾಗಬೇಡಿ, ಅವನು ಚಿತ್ರಕಥೆಯವನು. ರಾಮನಗರದಿಂದ ಒಂದು ವಾರಪತ್ರಿಕೆ ಬರುತ್ತಿತ್ತು. ರೇಷ್ಮೆಗೂಡಿನ ಧಾರಣೆ ನೋಡಲೆಂದೇ ಜನ ಅದನ್ನು ಕೊಳ್ಳುತ್ತಿದ್ದರು. ಕೊನೆಯ ಪುಟದಲ್ಲಿ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಅದನ್ನು ತುಂಬಲು ಏನಾದರೂ ಕೊಡಿ ಎಂದು ಸಂಪಾದಕರು ಕೇಳಿದಾಗ ಅತ್ತೆ ಹತ್ತಿರದ ಕೈಲಾಂಚ ಹಳ್ಳಿಯ ರೈತನೊಬ್ಬನನ್ನು ರಾಕೆಟ್ಟು ಹತ್ತಿಸಿದರು. ಮಾತು ಅತ್ತೆಯದು, ಚಿತ್ರ ಅವರ ಬೀದಿಯ ರಹೀಂ ಸಾಬರದು. ಸಾಬರು ಮರದ ಗೊಂಬೆಗಳಿಗೆ ಅರಗಿನ ಬಣ್ಣ ಹಾಕುತ್ತಿದ್ದವರು. ಹಾಗಾಗಿ ರಾಕೆಟ್ಟು ಥೇಟ್ ಬುಗುರಿಯ ಹಾಗಿತ್ತು. ಮಂಗಳ ಗ್ರಹದವರಿಗೆಲ್ಲ ಗುಂಡು ತಲೆ, ಕತ್ತೇ ಇಲ್ಲ.

ಇಬ್ಬರೂ ವಾರವಾರ ಜಗಳವಾಡುತ್ತಿದ್ದರು. ತೂಕವೇ ಇಲ್ಲದ ಜಾಗದಲ್ಲಿ ಪುಟ್ಟಸ್ವಾಮಿ ಮುದ್ದೆ ಉಣ್ಣುತ್ತಿರುವಂತೆ ಸಾಬರು ಒಮ್ಮೆ ಬರೆದುಬಿಟ್ಟರು.

"ಅಲ್ಲಿ ಮುದ್ದೆ ತಟ್ಟೇಲಿ ನಿಲ್ಲಕಿಲ್ಲ ಸಾಬ್ರೇ, ತೇಲೋಯ್ತದೆ," ಅಂದರು ಅತ್ತೆ.

"ತೇಲ್ಲಿ ಟೀಚರಮ್ಮ. ಬಾಯ್ ತೆಕ್ಕೊಂಡ್ ಕುಂತ್ರೆ ಅದೇ ಒಳಕ್ ಬತ್ತದೆ. ಅಗಿಯೋದೇನಿಲ್ವಲ್ಲ."

ಅತ್ತೆಯ ಬಿ.ಎಸ್ಸಿ. ಅಲ್ಲಿಗೆ ಸೋತಿತು.

ಕೈಲಾಂಚದವರಂತೂ ಪುಟ್ಟಸ್ವಾಮಿಯನ್ನು ನಿಜವಾದ ನೆಂಟನೆಂದೇ ತಿಳಿದಿದ್ದರು. ಗೂಡು ಮಾರಲು ರಾಮನಗರಕ್ಕೆ ಬಂದಿದ್ದ ಯಜಮಾನರೊಬ್ಬರು ಬಸ್ಸು ಹಿಡಿದು ಅತ್ತೆಯ ಶಾಲೆಗೇ ಬಂದರು. "ನಮ್ಮೂರೋನ್ನ ಒಸಿ ಬೇಗ ಇಳ್ಸಿ ತಾಯಿ. ಹಿಪ್ಪನೇರಳೆ ತೋಟ ಹಂಗೇ ಬುಟ್ಟೋಗವ್ನೆ." ಇದರಿಂದ ಅತ್ತೆ ಉಬ್ಬಿಹೋದರು. ನೆಲದ ಮೇಲಿರುವ ಪುಟ್ಟಸ್ವಾಮಿಯನ್ನು ಯಾರಾದರೂ ಬಸ್ಸು ಹಿಡಿದು ಬಂದು ವಿಚಾರಿಸುತ್ತಾರೆಯೇ?

ಪತ್ರಿಕೆಯ ಸ್ಥಿತಿ ರಹೀಂ ಸಾಬರಿಗೆ ಮಾತ್ರ ಗೊತ್ತಾಗಿತ್ತು. ಪುಟಗಳು ಕಡಿಮೆಯಾಗುತ್ತಿದ್ದವು, ಒಂದೊಂದು ವಾರ ಪತ್ರಿಕೆ ಬರುತ್ತಲೂ ಇರಲಿಲ್ಲ. "ಈಗ್ಲೇ ಇಳ್ಸಿಬುಡಾವ ಟೀಚರಮ್ಮ," ಅಂದರು.

"ಇನ್ನೊಂದ್ ವರ್ಷ ಸುತ್ಲಿ ಬುಡಿ. ಜನ ಓದ್ತಾವ್ರೆ."

ಆ ವಾರ ಶನಿಯ ಹಿಂದೆ ಯಂತ್ರ ಕೆಟ್ಟಿತು. ಅಡಿಯಲ್ಲಿ 'ಮುಂದುವರಿಯುವುದು' ಎಂದು ಅಚ್ಚಾಯಿತು. ಮುಂದಿನ ವಾರ ಪತ್ರಿಕೆಯೇ ಇರಲಿಲ್ಲ.

ಅತ್ತೆ ಕಂಡ ಕಂಡ ಪತ್ರಿಕೆಗಳಿಗೆಲ್ಲ ಕಾಗದ ಬರೆದರು. ಯಾರಿಗೂ ಪುಟ್ಟಸ್ವಾಮಿ ಬೇಡವಾಗಿದ್ದ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರನ್ನು, "ಎರಡು ದಿನದ ಗಾಳಿ ಇಟ್ಕೊಂಡು ಶನಿಯಿಂದ ಎಷ್ಟು ದೂರ ಬರ್ಬೋದು ಅಂತೀರಿ?" ಎಂದು ಕೇಳುತ್ತಿದ್ದರು. ಪಾಪ, ಹುಡುಗಿಯ ಕಡೆಯವರು ಪಾಯಸ ಬಿಟ್ಟು ಎದ್ದು ಹೋಗಿದ್ದೂ ಉಂಟು.

ಅತ್ತ ಪ್ಲಾಸ್ಟಿಕ್ ಗೊಂಬೆಗಳು ಬಂದು ರಹೀಂ ಸಾಬರ ಕೆಲಸ ಕಡಿಮೆಯಾಯಿತು. ಆಮೇಲೆ ಕೈ ನಡುಗತೊಡಗಿತು. ಬೀದಿಯಲ್ಲಿ ಎದುರಾದಾಗಲೆಲ್ಲ ಇಬ್ಬರದೂ ಒಂದೇ ಮಾತು.

"ಹೆಂಗವ್ನೆ ಟೀಚರಮ್ಮ?"

"ಸುತ್ತಾವ್ನೆ ಸಾಬ್ರೇ."

ಇಬ್ಬರೂ ನಗುತ್ತಿದ್ದರು. ಮನೆಗೆ ಬಂದ ಮೇಲೆ ಅತ್ತೆ ಮತ್ತೊಂದು ಪತ್ರಿಕೆಗೆ ಕಾಗದ ಬರೆಯಲು ಕೂರುತ್ತಿದ್ದರು. ಸಾಬರು ತೀರಿಕೊಂಡ ದಿನ ಅವರ ಮನೆ ಬಾಗಿಲವರೆಗೆ ಹೋಗಿ, ಒಳಗೆ ಕಾಲಿಡದೆ ತಿರುಗಿ ಬಂದರು. "ಮೊಖ ಹೆಂಗ್ ತೋರುಸ್ಲಿ?" ಎಂದಷ್ಟೇ ನನಗೆ ಹೇಳಿದರು.

ಅತ್ತೆ ನಿವೃತ್ತರಾದ ಎಷ್ಟೋ ದಿನಗಳ ಮೇಲೆ ಬೆಂಗಳೂರಿನಿಂದ ಪ್ರಕಾಶಕನೊಬ್ಬ ಬಂದ. ಹಳೆಯ ಚಿತ್ರಕಥೆಗಳನ್ನು ಹುಡುಕಿ ಮತ್ತೆ ಅಚ್ಚು ಹಾಕುವವನು. ಗುಡೇಮಾರನಹಳ್ಳಿಯಲ್ಲಿದ್ದ ಅವನ ತಂದೆ ಪುಟ್ಟಸ್ವಾಮಿಯನ್ನು ವಾರವಾರ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ದರಂತೆ. "ಇದು ಕ್ಲಾಸಿಕ್, ಮೇಡಂ. ಇದನ್ನು ಪುಸ್ತಕ ಮಾಡಿ, ಆಮೇಲೆ ಹೊಸ ಕಥೆಯನ್ನೂ ಶುರು ಮಾಡೋಣ," ಎಂದು ಕಂಪ್ಯೂಟರಿನಲ್ಲಿ ಬರೆಸಿದ ಒಂದು ಚಿತ್ರ ತೋರಿಸಿದ. ಹುರಿಗಟ್ಟಿದ ತೋಳು, ಕೈಯಲ್ಲಿ ಬಂದೂಕು.

"ಯಾರಪ್ಪ ಇದು?"

"ಪುಟ್ಟಸ್ವಾಮಿ, ಮೇಡಂ."

"ಅವ್ನಿಗ್ ಹೊಟ್ಟೆ ಐತಲ್ಲಪ್ಪ. ಇವ್ನ ಹೊಟ್ಟೆ ಎಲ್ಲೋಯ್ತು?"

"ಅಷ್ಟು ವರ್ಷ ಊಟ ಇರಲಿಲ್ಲವಲ್ಲ ಮೇಡಂ," ಅಂದ ಅವನು, ತಮಾಷೆಗೆ.

ಅತ್ತೆಯ ಮುಖ ಕಪ್ಪಿಟ್ಟಿತು. ಹೊಸ ಕಥೆ ಬೇಡವೇ ಬೇಡ, ಹಳೆಯದನ್ನು ಅಚ್ಚು ಮಾಡಿ, ಆದರೆ ಕೊನೆಗೆ ಅವನು ನೆಲಕ್ಕಿಳಿಯಬೇಕು ಎಂದು ಹಟ ಹಿಡಿದರು. ಇಳಿಸುವವರು ಯಾರು? ಚಿತ್ರ ಬರೆಯಬೇಕಾದವರು ಮಣ್ಣಿನಲ್ಲಿದ್ದರು.

ಪುಸ್ತಕಕ್ಕೆ ರಹೀಂ ಸಾಬರ ಮನೆಯವರ ಒಪ್ಪಿಗೆಯೂ ಬೇಕಿತ್ತು. ಅತ್ತೆ ನನ್ನನ್ನು ಜೊತೆಗಿಟ್ಟುಕೊಂಡು ಆ ಹೊಸ್ತಿಲು ದಾಟಿದರು. ಸಾಬರ ಮಗಳು ನಸೀಮಾ ಟೀ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, ಒಳಗಿನಿಂದ ಒಂದು ರಟ್ಟು ತಂದಳು.

"ಅಬ್ಬಾ ಇಳಿಯೋದ್ನ ಯಂತ್ರ ಕೆಟ್ಟೋದ್ ವಾರನೇ ಬರ್ದಿಟ್ಟಿದ್ರು ಟೀಚರಮ್ಮ. ನೀವಾಗೇ ಕೇಳ್ಲಿ ಅಂತ ಕಾಯ್ತಿದ್ರು."

ರಟ್ಟಿನ ಮೇಲೆ ನಾಲ್ಕು ಚೌಕ. ರಾಕೆಟ್ಟು ಊರ ಹೊರಗೆ ಇಳಿದಿತ್ತು. ಪುಟ್ಟಸ್ವಾಮಿ ಏಣಿಯಿಂದ ಇಳಿಯುತ್ತಿದ್ದ. ಕೊನೆಯ ಚೌಕದಲ್ಲಿ ಅವನೆದುರಿಗೆ ಕನ್ನಡಕ ಹಾಕಿದ ಒಬ್ಬ ಹೆಂಗಸು ನಿಂತಿದ್ದಳು. ಅದು ಅತ್ತೆಯೇ. ಇಡೀ ಚಿತ್ರದಲ್ಲಿದ್ದ ಒಂದೇ ಒಂದು ಮಾತಿನ ಗುಳ್ಳೆ ಆಕೆಯ ತಲೆಯ ಮೇಲಿತ್ತು. ಒಳಗೆ ಏನೂ ಬರೆದಿರಲಿಲ್ಲ.

ಅತ್ತೆ ರಟ್ಟನ್ನು ಮನೆಗೆ ತಂದು ಎಂಟು ದಿನ ಸುಮ್ಮನೆ ನೋಡಿದರು. ಆಮೇಲೆ ಪೆನ್ನು ತೆಗೆದು ಗುಳ್ಳೆಯೊಳಗೆ ಬರೆದರು: "ಬಾಳ ತಡ ಆಗೋಯ್ತು. ತಪ್ಪು ನಂದು."

ಪ್ರಕಾಶಕ ಫೋನು ಮಾಡಿದ. "ಮೇಡಂ, ಚಿತ್ರ ತುಂಬ ಚೆನ್ನಾಗಿದೆ. ಆದರೆ ಶನಿಗ್ರಹದಿಂದ ಬಂದವನಿಗೆ ಈ ಮಾತು ಸಪ್ಪೆಯಾಯಿತಲ್ಲವಾ? ಸ್ವಲ್ಪ ಗಟ್ಟಿಯಾದದ್ದೇನಾದರೂ ಹಾಕೋಣ."

"ಅದು ಪುಟ್ಟಸ್ವಾಮಿಗ್ ಹೇಳಿದ್ದಲ್ಲಪ್ಪ," ಎಂದು ಅತ್ತೆ ಫೋನು ಇಟ್ಟರು.