ಧಾರಾವಿ ಶಾಲೆಯ ಪಾಠೋಪಕರಣವಾದ ನಲ್ಲಿ

ನಮ್ಮ ಧಾರಾವಿಯ ಕನ್ನಡ ಶಾಲೆಯ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂಬುದನ್ನು ಓದಿ ತಿಳಿದುಕೊಂಡವರಲ್ಲಿ ಮೂರನೆಯ ಇಯತ್ತೆಯ ಮಕ್ಕಳೇ ಮೊದಲಿಗರು. ಅಲ್ಲಿಯವರೆಗೆ ನಾವೆಲ್ಲ ಅದನ್ನು ಬರೀ ಬಾಯಾರಿ ತಿಳಿದಿದ್ದೆವು.

ಶಿಕ್ಷಣ ಖಾತೆಯ ೧೯೭೩ರ ಆದೇಶದಂತೆ ವಾಚನವನ್ನು ಪುಸ್ತಕದಿಂದಲ್ಲ, ಮಕ್ಕಳ ನಿಜವಾದ ಸಮಸ್ಯೆಗಳಿಂದ ಕಲಿಸತಕ್ಕದ್ದು. ಉಡುಪಿ ಕಡೆಯ ವಿನೋದಿನಿ ಟೀಚರಿಗೆ ಆದೇಶಗಳನ್ನು ನಂಬುವ ಕೆಟ್ಟ ಚಟ. ನಲ್ಲಿಯ ಮೇಲಿದ್ದ ಸೂಚನೆಯನ್ನೇ ಪಾಠ ಮಾಡಿದರು: ‘ದುರಸ್ತಿ ನಡೆಯುತ್ತಿದೆ. ಸಹಕರಿಸಿ.’ ಮಕ್ಕಳು ಓದಿದರು. ಅಯ್ಯೋ, ಅರ್ಥವನ್ನೂ ಮಾಡಿಕೊಂಡುಬಿಟ್ಟರು.

“ದುರಸ್ತಿ ಎಲ್ಲಿ ನಡದೈತ್ರಿ ಬಾಯಾರ? ಯಾರೂ ಕಾಣವಲ್ರು,” ಎಂದು ಟೀಚರನ್ನು ಕೇಳಿದಳು ಆ ಮಕ್ಕಳಲ್ಲೊಬ್ಬಳಾದ ಗುರುಬಾಯಿ.

ಈ ಪ್ರಶ್ನೆಯ ಸುದ್ದಿ ಕೇಳಿ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರೇ ಓಡಿ ಬಂದರು. ಇಷ್ಟು ಜೀವಂತ ಸಮಸ್ಯೆ ಇಡೀ ಮುಂಬಯಿಯಲ್ಲಿ ಇಲ್ಲವೆಂದು ಕುಣಿದಾಡಿ, ಪ್ರಕಟಣೆ ಹೊರಡಿಸಿದರು: ‘ಸಮಸ್ಯೆ ಬಗೆಹರಿದರೆ ಪಾಠ ನಿಲ್ಲುವುದರಿಂದ, ಸದರಿ ನಲ್ಲಿಯನ್ನು ಪಾಠೋಪಕರಣವೆಂದು ಘೋಷಿಸಲಾಗಿದೆ. ಅದನ್ನು ರಿಪೇರಿ ಮಾಡುವುದು ಶಾಲೆಯ ನಕಾಶೆ ಹರಿದಷ್ಟೇ ಅಪರಾಧ.’ ಹೀಗೆ ಮಾದರಿಯೆನಿಸಿದ ಶಾಲೆಯ ಹೆಡ್‌ಮಾಸ್ತರರಿಗೆ ಮಲಾಡಿನಲ್ಲಿ ಕ್ವಾರ್ಟರ್ಸ್ ಸಿಗುತ್ತದೆಂಬ ಸುದ್ದಿಯೂ ಬಂತು. ನಮ್ಮ ಹೆಡ್‌ಮಾಸ್ತರ ಧರ್ಮಣ್ಣನವರು ಅಂದೇ ನಲ್ಲಿಗೆ ಹಾರ ಹಾಕಿದರು.

ಬೇಸಿಗೆ ಬಂತು. ಗುರುಬಾಯಿಯ ತಾಯಿ ಶರಣವ್ವ ಅಳುತ್ತ ಬಂದಳು. “ನೀರಿಲ್ದ ನನ್ನ ಮಗಳು ಚಕ್ಕರ್ ಬಂದು ಬಿದ್ದಾಳ್ರಿ ಸರ!”

“ಬಿದ್ದಳಾ? ಭೇಷ್! ಪಾಠ ಎಷ್ಟು ಮನಸ್ಸಿಗೆ ನಾಟೈತಿ ನೋಡವ್ವಾ,” ಎಂದರು ಧರ್ಮಣ್ಣ.

ವಿನೋದಿನಿ ಟೀಚರಿಗೆ ಇದನ್ನು ನೋಡಲಾಗಲಿಲ್ಲ. ಯಾರಿಗೂ ಹೇಳದೆ ತಮ್ಮೂರಿನ ಪ್ಲಂಬರ್ ಚೆನ್ನಯನನ್ನು ಕರೆತಂದರು. ಅವನು ಪಾನಾ ಎಂಬ ಸ್ಪ್ಯಾನರ್ ಹಾಕಿ ಇನ್ನೇನು ತಿರುಗಿಸಬೇಕು, ಗುರುಬಾಯಿ ಓಡಿಬಂದು ನಲ್ಲಿಯನ್ನೇ ತಬ್ಬಿಕೊಂಡಳು.

“ಅಣ್ಣಾ, ಮುಟ್ಟಬ್ಯಾಡ! ನಾಳೆ ಪರೀಕ್ಷಾ ಐತಿ. ‘ನೀರು ಯಾಕ ಬರೂದಿಲ್ಲ’ ಅಂತ ಕೇಳ್ತಾರ. ನೀ ನೀರು ಬಿಟ್ರ ನಾ ಏನ್ ಬರೀಲಿ?”

“ಮಗಾ, ನಿನಗೆ ಬಾಯಾರುದಿಲ್ವಾ?” ಎಂದ ಚೆನ್ನಯ.

“ಬಾಯಾರತೈತಿ. ಅದನ್ನೂ ಬರೀಬೇಕು.”

ಚೆನ್ನಯ ಮಗಳ ಹಿಂದೆಯೇ ಬಂದಿದ್ದ ಶರಣವ್ವನ ಮುಖ ನೋಡಿದ. ಆಕೆ ಖಾಲಿ ಕೊಡವನ್ನು ಸೊಂಟದಿಂದ ಸೊಂಟಕ್ಕೆ ಬದಲಿಸಿ, “ಅಕಿ ಪಾಸಾಗ್ಲಿ ತಮ್ಮಾ. ಆಮ್ಯಾಲ ಬಾ,” ಎಂದಳು.

ಎಲ್ಲರೂ ಪಾಸಾದರು, ಗುರುಬಾಯಿ ಮೊದಲನೆಯವಳು. ಧರ್ಮಣ್ಣನವರು ಮಲಾಡಿಗೆ ಹೋದರು. ಶರಣವ್ವ ಹೇಳಿದ್ದಂತೆ ಚೆನ್ನಯ ಪಾನಾ ಹಿಡಿದು ಬಂದಾಗ ನಲ್ಲಿಯ ಸುತ್ತ ಎರಡನೆಯ ಇಯತ್ತೆಯ ಮಕ್ಕಳ ಪಾಲಕರು ಕಾವಲು ಕೂತಿದ್ದರು. ಮುಂದಿನ ವರ್ಷ ಅವರ ಮಕ್ಕಳೂ ಓದಬೇಕಲ್ಲ.